ಸಂಪದಾಳ ಮಡಿ

ಅತ್ತೆಯ ಮನೆಯಲ್ಲಿ ಸಂಪದಾಳಿಗೆ ಅರ್ಧಾ ಎಂಬ ಹೆಸರಿತ್ತು. ಇಟ್ಟವರು ಅತ್ತೆ ಅಂಬುಬಾಯಿ. ಅರ್ಧ ಹೆಚ್ಚಿದ ತರಕಾರಿ, ಅರ್ಧ ಮಡಚಿದ ಬಟ್ಟೆ, ಅರ್ಧ ಗುಡಿಸಿದ ನಡುಮನೆ, ಅರ್ಧ ಕೇಳಿಸಿಕೊಂಡ ಮಾತು. ಗಂಡ ನಿಶಾಂತ ಅದನ್ನು ತಿದ್ದಿ ಪೌನಾ ಮಾಡಿದ. ಹೈದರಾಬಾದಿನ ಇರಾನಿ ಹೋಟೆಲುಗಳಲ್ಲಿ ಮುಕ್ಕಾಲು ಕಪ್ ಚಹಾಕ್ಕೆ ಪೌನಾ ಎನ್ನುತ್ತಾರೆ. ಅದು ಅವನ ಪ್ರೀತಿಯ ರೀತಿ. ಮನೆಗೆ ಯಾರಾದರೂ ಬಂದರೆ, "ನಮ್ಮ ಪೌನಾನ ಕೈಲೆ ಚಹಾ ಕೇಳಬ್ಯಾಡ್ರಿ, ಚಹಾ ಇವತ್ತ ಬರ್ತದ, ಸಕ್ರಿ ನಾಳೆ ಬರ್ತದ," ಎನ್ನುತ್ತಿದ್ದ. ಬಂದವರು ನಗುತ್ತಿದ್ದರು. ಸಂಪದಾಳೂ ನಗುತ್ತಿದ್ದಳು, ಏಕೆಂದರೆ ಸಕ್ಕರೆ ಹಾಕಿದ್ದೇನೆಯೋ ಇಲ್ಲವೋ ಎಂಬುದು ಅವಳಿಗೆ ನಿಜಕ್ಕೂ ನೆನಪಿರುತ್ತಿರಲಿಲ್ಲ.

ಅವಳು ಲಿಂಗಸುಗೂರಿನ ಹೈಸ್ಕೂಲು ಮಾಸ್ತರರೊಬ್ಬರ ಮಗಳು. ಎಂ.ಕಾಂ. ಮುಗಿಸಿದ್ದಳು. ವರ್ಷವಿಡೀ ಪುಸ್ತಕ ತೆರೆಯದೆ, ಪರೀಕ್ಷೆಯ ಹಿಂದಿನ ವಾರ ಊಟ ನಿದ್ದೆ ಬಿಟ್ಟು ಓದಿ ಪಾಸಾದವಳು. ನಿಶಾಂತನ ಮನೆತನ ನಿಜಾಮರ ಕಾಲದಲ್ಲಿ ರಾಯಚೂರಿನಿಂದ ಹೈದರಾಬಾದಿಗೆ ಬಂದು ಸರ್ಕಾರಿ ನೌಕರಿ ಹಿಡಿದದ್ದು. ಅಜ್ಜ, ತಂದೆ ಇಬ್ಬರೂ ಕಂದಾಯ ಇಲಾಖೆಯಲ್ಲಿದ್ದರು. ನಿಶಾಂತ ನೀರಾವರಿ ಇಲಾಖೆಯಲ್ಲಿ ಎಂಜಿನಿಯರು. ಬರ್ಕತ್‌ಪುರದ ಮೂರನೇ ಮಹಡಿಯ ಫ್ಲಾಟಿನಲ್ಲಿ ಕನ್ನಡ, ಲಿಫ್ಟಿನಲ್ಲಿ ತೆಲುಗು, ತರಕಾರಿ ಗಾಡಿಯ ಮುಂದೆ ಹಿಂದಿ. ಹೊಸವೆರಡನ್ನೂ ಸಂಪದಾ ಬೇಗ ಕಲಿತಳು. ಕಲಿಯುವುದು ಅವಳಿಗೆ ಎಂದೂ ಕಷ್ಟವಾಗಿರಲಿಲ್ಲ.

ಕಷ್ಟವಾಗುತ್ತಿದ್ದದ್ದು ಬೇರೆ. ಮದುವೆಯಾದ ಹೊಸತರಲ್ಲಿ ಅವಳು ಸಿಕಂದರಾಬಾದಿನ ಒಂದು ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಒಂದು ಮಧ್ಯಾಹ್ನ ಕೌಂಟರಿನ ಮುಂದಿದ್ದ ಗ್ರಾಹಕ ಏನೋ ಕೇಳುತ್ತಿದ್ದಾಗ ಫೋನು ರಿಂಗಾಯಿತು. ಅದೇ ಹೊತ್ತಿಗೆ ಹಿಂದಿನಿಂದ ಮ್ಯಾನೇಜರು ಕರೆದರು. ಅವಳು ಎದ್ದು ಹೊರಗೆ ನಡೆದುಬಿಟ್ಟಳು. ಚೀಲ, ಚಪ್ಪಲಿ ಮೇಜಿನ ಕೆಳಗೇ ಉಳಿದವು. ರೈಲು ನಿಲ್ದಾಣದ ಎದುರಿನ ಬಸ್ ಸ್ಟಾಪಿನಲ್ಲಿ ಕತ್ತಲಾಗುವವರೆಗೆ ಕೂತಿದ್ದಳು. ನಿಶಾಂತ ಹುಡುಕಿಕೊಂಡು ಹೋಗಿ ಆಟೋದಲ್ಲಿ ಕರೆತಂದ. ದಾರಿಯುದ್ದಕ್ಕೂ ಅವನು ಕೇಳಿದ್ದು ಒಂದೇ, ಯಾರಾದರೂ ಏನಾದರೂ ಅಂದರಾ ಎಂದು. ಯಾರೂ ಏನೂ ಅಂದಿರಲಿಲ್ಲ. ಎಲ್ಲ ದನಿಗಳೂ ಒಂದೇ ಎತ್ತರಕ್ಕೆ ಬಂದು ನಿಂತಿದ್ದವು, ಯಾವುದಕ್ಕೆ ಮೊದಲು ಉತ್ತರ ಕೊಡಬೇಕು ಎಂಬುದು ತಿಳಿಯದೆ ಹೋಗಿತ್ತು, ಅಷ್ಟೆ. ಅವಳು ಇಲ್ಲವೆಂದು ತಲೆಯಾಡಿಸಿದಳು. ನೌಕರಿ ಅಲ್ಲಿಗೆ ಮುಗಿಯಿತು.

ಮನೆಯಲ್ಲಿಯೂ ಹಾಗೆಯೇ ಆಗುತ್ತಿತ್ತು. ಕುಕ್ಕರು ಕೂಗುತ್ತಿದ್ದಾಗ ಬಾಗಿಲ ಬೆಲ್ ಆದರೆ, ಬೆಲ್ ಆದಾಗ ಅತ್ತೆ ಕರೆದರೆ, ಅವಳು ನಡುಮನೆಯ ಮಧ್ಯದಲ್ಲಿ ಸೌಟು ಹಿಡಿದು ನಿಂತುಬಿಡುತ್ತಿದ್ದಳು. ಆಗ ಯಾರಾದರೂ ಭುಜ ಮುಟ್ಟಿ ಅಲುಗಿಸಿದರೆ ಚೀರುತ್ತಿದ್ದಳು. ಮಕ್ಕಳಾಗಲಿಲ್ಲ. ಆ ಕುರಿತು ಆಸ್ಪತ್ರೆಗಳ ಓಡಾಟವೆಲ್ಲ ಮುಗಿದ ಮೇಲೆ ಒಂದು ದಿನ ಅಂಬುಬಾಯಿ, ಸೊಸೆ ಅಲ್ಲಿಯೇ ಕೂತು ಅವರೆಕಾಳು ಸುಲಿಯುತ್ತಿರುವಾಗ, ನೆಂಟರೊಬ್ಬರಿಗೆ ಫೋನಿನಲ್ಲಿ ಹೇಳಿದರು: "ದೇವರು ಮಾಡೋದು ಬರೋಬ್ಬರಿನ ಮಾಡ್ತಾನ ನೋಡ್ರಿ. ಆಗಿದ್ರ ಇಕಿ ಕೂಸಿನ್ನ ಕಾಚಿಗುಡ ಬಾಜಾರದಾಗ ಬಿಟ್ಟು ಕೊತ್ತಂಬರಿ ಅಷ್ಟ ಮನಿಗೆ ತರತಿದ್ಲು."

ಮಾವ ತೀರಿಕೊಂಡು ಮೊದಲ ವರ್ಷದ ಶ್ರಾದ್ಧ ಬಂದಾಗ ಎಲ್ಲರಿಗೂ ಚಿಂತೆ ಹತ್ತಿತು. ಈ ಮನೆತನದಲ್ಲಿ ಶ್ರಾದ್ಧದ ಅಡುಗೆ ಮಾಡಬೇಕಾದವಳು ಕರ್ಮ ಮಾಡುವವನ ಹೆಂಡತಿ. ನಸುಕಿನಲ್ಲಿ ಮಿಂದು, ಯಾರೂ ಮುಟ್ಟದಂತೆ ಬಿದಿರಿನ ಗಳುವಿನ ಮೇಲೆ ಒಣಗಿದ ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಅವಳು ಅಡುಗೆಮನೆ ಹೊಕ್ಕರೆ ಮುಗಿಯಿತು. ಬ್ರಾಹ್ಮಣರು ಉಂಡು ಏಳುವವರೆಗೆ ಅವಳನ್ನು ಯಾರೂ ಮುಟ್ಟುವಂತಿಲ್ಲ, ಅವಳೂ ಮಡಿಯಲ್ಲದ ಯಾವುದನ್ನೂ ಮುಟ್ಟುವಂತಿಲ್ಲ. ಫೋನು, ಫ್ಯಾನಿನ ಸ್ವಿಚ್ಚು, ಬಾಗಿಲ ಚಿಲಕ, ಎಲ್ಲ ಮೈಲಿಗೆ. ದಿನದ ಅಡುಗೆಗೆ ನಲ್ಲಿ ನೀರು ನಡೆದರೂ ಶ್ರಾದ್ಧಕ್ಕೆ ನಡೆಯದು. ಮಠದ ಬಾವಿಯಿಂದ ತಾಮ್ರದ ಬಿಂದಿಗೆಯಲ್ಲಿ ತಂದ ನೀರೇ ಆಗಬೇಕು. ರುಚಿ ನೋಡುವಂತಿಲ್ಲ, ಹರಟುವಂತಿಲ್ಲ. ಮರೆತೆ, ಹೊರಗಿನಿಂದ ಒಂದು ಸಾಮಾನು ತಾ ಎನ್ನುವಂತಿಲ್ಲ. ನುರಿತ ಹೆಂಗಸರೇ ಈ ದಿನಕ್ಕೆ ಹೆದರುತ್ತಾರೆ. ಅಂಬುಬಾಯಿ ಹಿಂದಿನ ದಿನವೇ ಬ್ರಾಹ್ಮಣರಿಗಾಗಿ ಬೇರೊಂದು ಮನೆಯಲ್ಲಿ ಅನ್ನ ಸಾರಿಗೆ ಗುಟ್ಟಾಗಿ ಹೇಳಿಟ್ಟಿದ್ದರು.

ಅದು ಬೇಕಾಗಲಿಲ್ಲ. ಹೊತ್ತಿಗೆ ಸರಿಯಾಗಿ ತೊವ್ವೆ, ಹಾಗಲಕಾಯಿ ಪಲ್ಯ, ಗೊಜ್ಜು, ಉದ್ದಿನ ವಡೆ, ಪಾಯಸ ಎಲ್ಲವೂ ಬಾಳೆಎಲೆಗೆ ಬಂದವು. ಉಪ್ಪು ಹದವಾಗಿತ್ತು. ಉಂಡ ಆಚಾರ್ಯರು, ಇಂಥ ವಡೆ ಅಂಬುಬಾಯಿಯವರ ಕಾಲದಲ್ಲಿಯೂ ಆಗಿರಲಿಲ್ಲ ಎಂದರು. ಅಂಬುಬಾಯಿ ಅದನ್ನು ಚೇಷ್ಟೆ ಎಂದು ತಿಳಿದು ನಕ್ಕರು, ಆಮೇಲೆ ತಾವೂ ಒಂದು ತಿಂದು ಇನ್ನೊಂದಕ್ಕೆ ಕೈ ಚಾಚಿದರು.

ಒಳಗೆ ಏನಾಯಿತು ಎಂಬುದನ್ನು ಸಂಪದಾ ಬಹಳ ವರ್ಷಗಳ ನಂತರ ಹೇಳಿದಳು. ಅಡುಗೆಮನೆಯ ಬಾಗಿಲು ಮುಂದಾಗಿ ಮುಚ್ಚಿಕೊಂಡಾಗ ಮೊದಲ ಸಲ ಅವಳ ಸುತ್ತ ಇದ್ದದ್ದು ಇಷ್ಟೇ: ಒಲೆ, ನೀರು, ತೊಳೆದು ಬೋರಲು ಹಾಕಿದ ಪಾತ್ರೆಗಳು, ಹಿಂದಿನ ದಿನ ಅಳೆದಿಟ್ಟ ಸಾಮಾನು. ಯಾರೂ ಕರೆಯುವಂತಿಲ್ಲ, ಯಾರೂ ಮುಟ್ಟುವಂತಿಲ್ಲ. ಎರಡೂ ಮುಂಗೈಗಳನ್ನು ತಣ್ಣೀರಿನಲ್ಲಿ ಅದ್ದಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ, ಮಾಡಬೇಕಾದ ಒಂದೇ ಒಂದು ಕೆಲಸದ ಹೆಸರನ್ನು ಮೆಲ್ಲಗೆ ಹೇಳಿಕೊಂಡು ಮಾಡಿದಳು. ಬೇಳೆ ತೊಳಿ. ತೊಳೆದಳು. ಎಸರಿಡು. ಇಟ್ಟಳು. ಮುಗಿದ ಪದಾರ್ಥದ ಸಾಮಾನಿನ ಬಟ್ಟಲನ್ನು ಮತ್ತೆ ಬೋರಲು ಹಾಕುತ್ತ ಹೋದಳು. ಕಣ್ಣೆದುರಿಗೆ ಅಂಗಾತ ಉಳಿದದ್ದು ಮಾತ್ರ ಬಾಕಿ. "ಒಳಗ ಹೋದ್ರ ತಲಿಯೊಳಗಿನ ಮಿಕ್ಸರ್ ಬಂದ್ ಆಗ್ತದ," ಎಂದು ನಾದಿನಿಗೆ ಹೇಳಿದಳು.

ಆಮೇಲೆ ಅವಳು ಮಡಿಯನ್ನು ತಾನಾಗಿಯೇ ಬೆಳೆಸಿದಳು. ಮೊದಲು ಏಕಾದಶಿಯ ಉಪವಾಸ ಬಿಡುವ ದ್ವಾದಶಿಯ ಪಾರಣೆಯ ಅಡುಗೆ, ಆಮೇಲೆ ಹಬ್ಬಗಳು, ಕೊನೆಗೆ ದಿನನಿತ್ಯದ ನೈವೇದ್ಯ. ಪ್ರತಿ ಬೆಳಿಗ್ಗೆ ಮಿಂದು ಬಾಗಿಲು ಮುಂದೆ ಮಾಡಿಕೊಂಡರೆ ನೈವೇದ್ಯದ ಹೊತ್ತಿನವರೆಗೆ ಅವಳು ಯಾರಿಗೂ ಸಿಗುತ್ತಿರಲಿಲ್ಲ. ಆ ಹೊತ್ತಿನ ಬಲದ ಮೇಲೆ ಉಳಿದ ದಿನವನ್ನು ತಳ್ಳುತ್ತಿದ್ದಳು. ಸಂಜೆ ಹೊತ್ತು ಮನೆಯಲ್ಲಿ ಗದ್ದಲ ಹೆಚ್ಚಾಗಿ ಎದೆ ಬಡಿದುಕೊಳ್ಳತೊಡಗಿದರೆ, ನಾಳೆ ಬೆಳಿಗ್ಗೆ ಬಾಗಿಲು ಮುಂದಾಗುತ್ತದೆ ಎಂದುಕೊಂಡು ತಡೆಯುತ್ತಿದ್ದಳು. ಅರ್ಧಾ ಎಂಬ ಹೆಸರು ಹೊರಗೆ ಉಳಿಯಿತು. ಮಠದಲ್ಲಿ ಅಂಬುಬಾಯಿ ಸೊಸೆಯನ್ನು ತೋರಿಸಿ, "ಈಗಿನ ಕಾಲದಾಗ ದಿನಾ ಮಡೀಲೆ ಅಡಿಗಿ ಮಾಡೋರು ಯಾರಿದ್ದಾರ ಹೇಳ್ರಿ?" ಎನ್ನುತ್ತಿದ್ದರು. ಆ ಮನೆಯಲ್ಲಿ ಸಂಪದಾಳಿಗೆ ಸಿಕ್ಕ ಹೊಗಳಿಕೆ ಅದೊಂದೇ.

ನಿಶಾಂತನ ತಂಗಿ ಮಂದಾಕಿನಿ ಕೊಂಡಾಪುರದಲ್ಲಿದ್ದಾಳೆ. ದೊಡ್ಡ ಕಚೇರಿಯೊಂದರಲ್ಲಿ ಸಿಬ್ಬಂದಿ ನೋಡಿಕೊಳ್ಳುವ ಕೆಲಸ. ಒಂದು ದೀಪಾವಳಿಗೆ ಬಂದಾಗ, ಊಟವಾದ ಮೇಲೆ ತಾನು ವೈನಿ ಎನ್ನುವ ಅತ್ತಿಗೆ ರಾಶಿ ಪಾತ್ರೆಗಳ ಮುಂದೆ ನಲ್ಲಿ ಬಿಟ್ಟುಕೊಂಡು ಅಲುಗದೆ ನಿಂತದ್ದನ್ನು ನೋಡಿದಳು. ಅವಳಿಗೆ ತಕ್ಷಣ ಅರ್ಥವಾಯಿತು. ಅವಳ ಕಚೇರಿಯಲ್ಲಿ ಇದರ ಬಗ್ಗೆ ಭಾಷಣಗಳು ನಡೆಯುತ್ತವೆ. ಹಟ ಹಿಡಿದು ಕೊಂಡಾಪುರದ ಮನೋವೈದ್ಯೆಯೊಬ್ಬರ ಹತ್ತಿರ ಕರೆದೊಯ್ದಳು.

ಸಂಪದಾಳಿಗೆ ಎಡಿಎಚ್‌ಡಿ, ಗಮನ ಒಂದು ಕಡೆ ನಿಲ್ಲದ ತೊಂದರೆ, ಇದೆ ಎಂದು ಗೊತ್ತಾದದ್ದು ಹೀಗೆ, ನಲವತ್ತರ ಹತ್ತಿರದಲ್ಲಿ. ಇದು ಸೋಮಾರಿತನ ಅಲ್ಲ, ಹುಟ್ಟಿನಿಂದಲೇ ಮಿದುಳು ನಡೆಯುವ ರೀತಿ ಎಂದು ವೈದ್ಯೆ ವಿವರಿಸಿದರು. ತಲೆ ಶಾಂತವಾಗಿರುವುದು ಯಾವಾಗ ಎಂದು ಕೇಳಿದರು. ಸಂಪದಾ ಮಡಿಯ ಬಗ್ಗೆ ಹೇಳಿದಳು. ಮುಚ್ಚಿದ ಬಾಗಿಲು, ಕಡಿಮೆ ಸಾಮಾನು, ಒಂದು ಸಲಕ್ಕೆ ಒಂದು ಕೆಲಸ, ಯಾರೂ ಮುಟ್ಟದಿರುವುದು. ತೆಲುಗಿನವರಾದ ಆ ವೈದ್ಯೆ ಬರೆಯುವುದನ್ನು ನಿಲ್ಲಿಸಿ ಕೇಳಿಸಿಕೊಂಡರು, ತಾವು ಹೇಳಿಕೊಡಬೇಕೆಂದಿದ್ದುದನ್ನೆಲ್ಲ ಇವರು ತಾವೇ ಕಂಡುಕೊಂಡಿದ್ದಾರೆ ಎಂದರು, ಏನೇ ಆದರೂ ಅದನ್ನು ಬಿಡಬೇಡಿ ಎಂದರು. ಜೊತೆಗೆ ದಿನಕ್ಕೊಂದು ಕ್ಯಾಪ್ಸೂಲು ಬರೆದುಕೊಟ್ಟರು.

ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಟಿವಿಯ ದನಿ ಒಂದು ಕಡೆ, ಅತ್ತೆಯ ದನಿ ಇನ್ನೊಂದು ಕಡೆ, ಬೇರೆ ಬೇರೆಯಾಗಿ ಕೇಳಿಸಿದವು. ಸಂಪದಾ ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಹೋದೀತೆಂಬ ಹೆದರಿಕೆ ಅವಳಿಗಿತ್ತು.

ವೈದ್ಯೆ ಅಂದದ್ದನ್ನು ಮನೆಯಲ್ಲಿ ಹೇಳಿದವಳು ಮಂದಾಕಿನಿ. ಒಂದು ಭಾನುವಾರ ಎಲ್ಲರೂ ಕೂತಿದ್ದಾಗ ಅವಳು ವೈನಿಯ ಪರವಾಗಿ ಮಾತಾಡಲು ತೊಡಗಿದಳು. ಇಷ್ಟು ವರ್ಷ ಎಲ್ಲರೂ ಸೇರಿ ವೈನಿಗೆ ಅರ್ಧಾ, ಪೌನಾ ಎಂದದ್ದು ಕ್ರೌರ್ಯ ಎಂದಳು. ನಿಶಾಂತ ತಲೆ ತಗ್ಗಿಸಿದ. ಅಲ್ಲಿಗೆ ನಿಲ್ಲಿಸಬಹುದಿತ್ತು.

"ಇನ್ನ ಈ ದಿನಾ ಮಡಿ ಬ್ಯಾರೆ ಹೊರಸೀರಿ ಅಕಿ ಮ್ಯಾಲೆ. ಅಮ್ಮಾ, ನೀ ತಿಳ್ಕೊಂಡಂಗ ಅದು ಭಕ್ತಿ ಅಲ್ಲ. ಅಕಿ ತಲಿ ಶಾಂತ ಆಗ್ಲಿಕ್ಕೆ ಅಕಿ ಮಾಡ್ಕೊಂಡ ಉಪಾಯ ಅದು. ಡಾಕ್ಟರ ಹೇಳ್ಯಾರ."

ಅಂಬುಬಾಯಿ ಟಿವಿ ಬಂದ್ ಮಾಡಿದರು. ಸೊಸೆಯ ಕಡೆ ನೋಡಿ ಮೆಲ್ಲಗೆ ಕೇಳಿದರು: "ಹೌದೇನು?"

ಸಂಪದಾಳಿಗೆ ಸುಳ್ಳು ಹೇಳುವುದು ಬರುತ್ತಿರಲಿಲ್ಲ. ಅದಕ್ಕೆ ಬೇಕಾದಷ್ಟು ಹೊತ್ತು ಒಂದು ಮಾತನ್ನು ತಲೆಯಲ್ಲಿ ಹಿಡಿದಿಡುವುದು ಅವಳಿಗೆ ಆಗುತ್ತಿರಲಿಲ್ಲ. ಹೌದು ಅತ್ಯಾ, ಆದರೆ ದೇವರೂ ಇದ್ದಾನೆ ಎಂದಳು.

"ಇದ್ದಾನ. ನೀ ಮಾಡಿದ್ದು ಮಾತ್ರ ಅವಗಲ್ಲ," ಎಂದರು ಅಂಬುಬಾಯಿ. "ಇಷ್ಟು ವರ್ಷ ನಿನ್ನ ತಲಿಗೆ ಮದ್ದು ಅರದಿ, ಮಿಕ್ಕಿದ್ದು ನಮ್ಮ ದೇವರಿಗೆ ಇಟ್ಟಿ."

ಆಮೇಲೆ ಮದ್ದಿನ ಬಗ್ಗೆ ವಿಚಾರಿಸಿದರು. ಕ್ಯಾಪ್ಸೂಲನ್ನು ತರಿಸಿ ಬೆಳಕಿಗೆ ಹಿಡಿದು ನೋಡಿದರು. ಮೇಲಿನ ಸಿಪ್ಪೆ ಯಾವುದರದು ಎಂದು ಕೇಳಿದರು. ಮಂದಾಕಿನಿ ಫೋನಿನಲ್ಲಿ ನೋಡಿ, ಜೆಲಾಟಿನ್, ದನ ಹಂದಿಗಳ ತೊಗಲು ಎಲುಬುಗಳಿಂದ ಮಾಡುತ್ತಾರೆ ಎಂದು ಓದಿ, ತಮಾಷೆಯ ದನಿಯಲ್ಲಿ, "ನೀ ತಗೊಳ್ಳೋ ಶಕ್ತಿ ಗುಳಿಗಿದೂ ಅದ ಅಮ್ಮಾ," ಎಂದು ಸೇರಿಸಿದಳು. ಅಂಬುಬಾಯಿ ಎದ್ದು ಹೋಗಿ ತಮ್ಮ ಬಾಟಲಿಯನ್ನು ಕಸದ ಬುಟ್ಟಿಗೆ ಹಾಕಿ ಬಂದು ಮಿಂದರು. ಮಿಂದು ಬಂದು ಸೊಸೆಗೆ ಹೇಳಿದರು, ಗುಳಿಗೆ ಬೇಕೋ ಅಡುಗೆಮನೆ ಬೇಕೋ, ಎರಡರಲ್ಲಿ ಒಂದು.

ಸಂಪದಾಳಿಗೆ ಎರಡೂ ಬೇಕಾಗಿದ್ದವು. ಗುಳಿಗೆಯಿಂದ ದನಿಗಳು ಬೇರೆಯಾಗುತ್ತಿದ್ದವು, ಅಡುಗೆಮನೆಯಲ್ಲಿ ಅವು ನಿಲ್ಲುತ್ತಿದ್ದವು. ಒಂದನ್ನು ಬಿಡಲೇಬೇಕಾದರೆ ಗುಳಿಗೆಯನ್ನು ಬಿಡುತ್ತೇನೆ ಎಂದು ಅವಳು ಗಂಡನಿಗೆ ಹೇಳಿದಳು. ನಿಶಾಂತನಿಗೆ ಅದು ಸರಿ ಬರಲಿಲ್ಲ. ಔಷಧದಿಂದ ಹೆಂಡತಿ ಸುಧಾರಿಸಿದ್ದು ಅವನಿಗೆ ಕಂಡಿತ್ತು. ಅವನು ಎಂಜಿನಿಯರು. ದಾರಿ ಹುಡುಕಿದ. ದೋಷ ಇರುವುದು ಸಿಪ್ಪೆಯಲ್ಲಿ, ಔಷಧ ಇರುವುದು ಒಳಗಿನ ಪುಡಿಯಲ್ಲಿ. ಕ್ಯಾಪ್ಸೂಲು ಬಿಚ್ಚಿ ಪುಡಿಯನ್ನು ಜೇನುತುಪ್ಪದಲ್ಲಿ ಕೊಟ್ಟರಾಯಿತು. ಮಠದ ಆಚಾರ್ಯರಿಗೆ ಫೋನು ಮಾಡಿ ಕೇಳಿದ. ಔಷಧಕ್ಕೆ ದೋಷವಿಲ್ಲ ಎಂದರು ಅವರು. ಅಂಬುಬಾಯಿ ಒಪ್ಪಿದರು. ಮನೋವೈದ್ಯೆಗೂ ಒಂದು ಮಾತು ಕೇಳೋಣವೇ ಎಂದು ಸಂಪದಾ ಅಂದದ್ದಕ್ಕೆ ನಿಶಾಂತ, "ಬಾಳಿಹಣ್ಣು ಸುಲದು ತಿನ್ಲಿಕ್ಕೆ ಯಾರರೆ ಡಾಕ್ಟರನ್ನ ಕೇಳ್ತಾರೇನು ಪೌನಾ?" ಎಂದ. ಬಿಚ್ಚಬಾರದು, ಪುಡಿ ಕಣ್ಣಿಗೆ ತಾಗಬಾರದು ಎಂಬ ಎಚ್ಚರಿಕೆ ಔಷಧದ ಡಬ್ಬಿಯೊಳಗೆ ಮಡಚಿಟ್ಟ ಹಾಳೆಯಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿತ್ತು. ಡಬ್ಬಿಯನ್ನು ಔಷಧದಂಗಡಿಯಲ್ಲೇ ಬಿಟ್ಟು ಅವನು ಗುಳಿಗೆಯ ಪಟ್ಟಿಯನ್ನಷ್ಟೇ ತಂದಿದ್ದ.

ಮಾವನ ಶ್ರಾದ್ಧ ಬರುವುದು ಚೈತ್ರದ ಕೊನೆಗೆ, ಹೈದರಾಬಾದಿನ ಬಿಸಿಲು ಕುದಿಯುವ ಹೊತ್ತಿಗೆ. ಹಿಂದಿನ ದಿನ ಅಂಬುಬಾಯಿ ಹೊಸ ಕರಾರು ತೆಗೆದರು. ಶ್ರಾದ್ಧ ಮುಗಿಯುವವರೆಗೆ ಆ ಸಿಪ್ಪೆ ಮನೆಯಲ್ಲಿಯೇ ಇರಕೂಡದು. ನಿಶಾಂತ ಉಳಿದಿದ್ದ ಗುಳಿಗೆಗಳನ್ನೆಲ್ಲ ಒಮ್ಮೆಲೇ ಬಿಚ್ಚಿ, ಪುಡಿಯನ್ನು ಬೆಳ್ಳಿಯ ಕುಂಕುಮದ ಭರಣಿಯೊಂದಕ್ಕೆ ಸುರಿದು, ಸಿಪ್ಪೆಗಳನ್ನು ಬೀದಿಯ ಕಸಕ್ಕೆ ಹಾಕಿ ಬಂದ. ಬೆಳ್ಳಿಗೆ ಮೈಲಿಗೆಯಿಲ್ಲ. ಭರಣಿಯನ್ನು ತೊಳೆದ ಪಾತ್ರೆಗಳ ಪಕ್ಕದಲ್ಲಿ ಇಟ್ಟರು. ಬೆಳಿಗ್ಗೆ ನೆನಪಾದಾಗ ಒಂದು ಚಿಟಿಕೆ ತೆಗೆದುಕೊಳ್ಳಬೇಕು ಎಂದು ಹೇಳಿದರು. ನೆನಪಾದಾಗ ಎಂಬ ಮಾತಿಗೆ ಅಂಬುಬಾಯಿ ನಕ್ಕರು.

ಅವಳಿಗೆ ನೆನಪಾದದ್ದು ಮಧ್ಯಾಹ್ನದ ಹೊತ್ತಿಗೆ. ತೊವ್ವೆ, ಪಲ್ಯ, ಗೊಜ್ಜು, ಪಾಯಸ ಆಗಿದ್ದವು. ಬಟ್ಟಲುಗಳು ಒಂದೊಂದಾಗಿ ಬೋರಲಾಗಿದ್ದವು. ಎಣ್ಣೆ ಕಾದಿತ್ತು. ಉದ್ದಿನ ಹಿಟ್ಟು ಮಾತ್ರ ಬಾಕಿ. ನಡುಮನೆಯಲ್ಲಿ ಬ್ರಾಹ್ಮಣರು ಕೂತಾಗಿತ್ತು. ಫ್ಯಾನಿಲ್ಲದ ಕೋಣೆಯಲ್ಲಿ ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು. ಭರಣಿಯ ಮುಚ್ಚಳ ಬಿಗಿಯಾಗಿತ್ತು. ಎದೆಗೆ ಒತ್ತಿ ಹಿಡಿದು ತಿರುವಿದಾಗ ಅದು ಒಮ್ಮೆಲೇ ಕಿತ್ತು ಬಂತು. ಪುಡಿ ಮುಖದ ಮೇಲೆ ಹಾರಿತು. ಬೆವರಿನ ಜೊತೆ ಕಣ್ಣಿಗೆ ಇಳಿಯಿತು. ಒರೆಸಿಕೊಂಡ ಕೈಯಲ್ಲಿಯೂ ಪುಡಿಯೇ ಇತ್ತು.

ಅವಳು ಚೀರಲಿಲ್ಲ. ಎಡಗಣ್ಣು ಮುಚ್ಚಿಕೊಂಡು ಬಾಗಿಲ ಹತ್ತಿರ ಬಂದು, ಅತ್ಯಾ, ಕಣ್ಣಿಗೆ ಬಿತ್ತು, ಉರಿಯುತ್ತಿದೆ ಎಂದಳು. ಅಂಬುಬಾಯಿ ಹೊಸ್ತಿಲ ಹೊರಗೆ ಮಣೆಯ ಮೇಲೆ ಕೂತಿದ್ದರು. ನೀರಿನ ದಾರಿ ಎರಡೇ ಇದ್ದವು. ಗೋಡೆಯ ನಲ್ಲಿ, ಅಥವಾ ಬಾವಿಯ ನೀರಿನ ಬಿಂದಿಗೆ. ಸಂಪದಾ ನಲ್ಲಿಯ ಕಡೆ ತಿರುಗಿದಳು.

"ನಲ್ಲಿ ಮುಟ್ಟಬ್ಯಾಡ. ಮುಟ್ಟಿದಿ ಅಂದ್ರ ಎಲ್ಲಾ ಹೋತು. ತಿರುಗಿ ಮಿಂದು ತಿರುಗಿ ಅಡಿಗಿ ಮಾಡೋತನಕ ಹೊತ್ತು ಮೀರ್ತದ."

ಬಿಂದಿಗೆಯತ್ತ ಕೈ ಹೋಯಿತು.

"ಅದು ಪಿಂಡದ ನೀರು. ಅದರಾಗ ಕಣ್ಣು ತೊಳೀತೀಯೇನು?"

ಮಾತು ಕೇಳಿ ನಿಶಾಂತ ಹೊಸ್ತಿಲಿಗೆ ಬಂದ. ಅವನೂ ಮಡಿಯಲ್ಲಿದ್ದ, ಒದ್ದೆ ಪಂಚೆಯಲ್ಲಿ. ಅವನು ಅವಳನ್ನು ಮುಟ್ಟಬಹುದಿತ್ತು, ಬಿಂದಿಗೆ ಎತ್ತಿ ಮುಖಕ್ಕೆ ನೀರು ಸುರಿಯಬಹುದಿತ್ತು. ಅವನು ಒಲೆಯ ಕಡೆ ನೋಡಿದ. ನಡುಮನೆಯಲ್ಲಿ ಕೂತವರ ಕಡೆ ನೋಡಿದ. ಶ್ರಾದ್ಧದ ಊಟ ಅಪರಾಹ್ನದೊಳಗೆ ಆಗಬೇಕು. "ವಡಿ ಅಷ್ಟ ಕರದು ಬಿಡು ಸಂಪದಾ. ಹತ್ತು ಮಿನಿಟಿನ ಕೆಲಸ. ಆಮ್ಯಾಲ ತೊಳ್ಕೊಂಡ್ರಾತು," ಎಂದ. ಆ ದಿನ ಅವನು ಪೌನಾ ಎನ್ನಲಿಲ್ಲ.

ಶ್ರಾದ್ಧಕ್ಕೆ ಬಂದಿದ್ದ ಮಂದಾಕಿನಿ ಮಲಗುವ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದುಕೊಂಡಿದ್ದಳು. ಮಡಿಯಲ್ಲದವರು ಆ ಹೊತ್ತಿಗೆ ಅಲ್ಲಿಯೇ ಇರಬೇಕು. ಗದ್ದಲಕ್ಕೆ ಹೊರಗೆ ಬಂದವಳು ವೈನಿಯ ಮುಖ ನೋಡಿ, ಇಬ್ಬರನ್ನೂ ಸರಿಸಿ ಒಳಗೆ ಹೋಗಿ ನಲ್ಲಿ ಬಿಡುತ್ತೇನೆಂದು ಮುಂದೆ ಬಂದಳು. ಅವಳನ್ನು ತಡೆದದ್ದು ಅತ್ತೆಯೂ ಅಲ್ಲ, ಗಂಡನೂ ಅಲ್ಲ.

"ಒಳಗ ಬರಬ್ಯಾಡ ಮಂದಾಕಿನಿ," ಎಂದಳು ಸಂಪದಾ. "ನೀ ಕಾಲಿಟ್ರ ಈ ಅಡಿಗಿಮನಿ ನನ್ನ ಕೈ ಬಿಟ್ಟು ಹೋಗ್ತದ. ನಿನ್ನ ಕಾಲಿಗೆ ಬೀಳ್ತೀನಿ."

ಮಂದಾಕಿನಿ ನಿಂತಳು. ಅವಳಿಗೆ ಕೋಪ ಬಂದಿತ್ತು. ಸತ್ತರೂ ನಿಮಗೆ ಬುದ್ಧಿ ಬರುವುದಿಲ್ಲ ಎಂದು ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸಂಪದಾ ಒಲೆಗೆ ಮರಳಿದಳು. ಬಾಳೆಎಲೆಯ ತುಂಡಿನ ಮೇಲೆ ಹಿಟ್ಟು ತಟ್ಟು ಎಂದು ಹೇಳಿಕೊಂಡಳು. ತಟ್ಟಿದಳು. ಎಣ್ಣೆಗೆ ಬಿಡು. ಬಿಟ್ಟಳು. ಒಂದು ಕಣ್ಣಿನಿಂದ ಕಡಾಯಿಯ ದೂರ ಸರಿಯಾಗಿ ತಿಳಿಯದೆ ಎರಡು ಸಲ ಬೆರಳುಗಳು ಎಣ್ಣೆಗೆ ತಾಗಿದವು. ಎಡಗೆನ್ನೆಯ ಮೇಲೆ ನೀರು ನಿಲ್ಲದೆ ಇಳಿಯುತ್ತಿತ್ತು. ತೋಳಿನಿಂದ ಒತ್ತಿಕೊಳ್ಳುತ್ತಿದ್ದಳು. ಆ ಹೊತ್ತಿನಲ್ಲಿಯೂ ತಲೆ ಶಾಂತವಾಗಿತ್ತು ಎಂದು ಅವಳು ಆಮೇಲೆ ಹೇಳಿದಳು. ಒಂದು ಒಲೆ, ಒಂದು ಉರಿ, ಒಂದು ಕೆಲಸ. ಹತ್ತು ನಿಮಿಷವೆಂದದ್ದು ಅರ್ಧ ತಾಸಿಗೂ ಮೀರಿತು. ಬಡಿಸುವುದು, ಉಣ್ಣುವುದು, ಪಿಂಡ, ಎಲ್ಲ ಆಗುವವರೆಗೆ ಅವಳು ಹೊರಬರುವಂತಿರಲಿಲ್ಲ. ತೃಪ್ತಿಯಾಯಿತೇ ಎಂದು ನಿಶಾಂತ ವಿಧಿಯಂತೆ ಸಂಸ್ಕೃತದಲ್ಲಿ ಕೇಳಿದ. ಆಯಿತು ಎಂದು ಬ್ರಾಹ್ಮಣರು ವಿಧಿಯಂತೆ ಹೇಳಿದರು. ವಡೆಯನ್ನು ಈ ಸಲವೂ ಹೊಗಳಿದರು.

ಸಂಜೆ ಕಣ್ಣಿನ ಆಸ್ಪತ್ರೆಯಲ್ಲಿ, ಪುಡಿ ಬಿದ್ದ ಎಷ್ಟು ಹೊತ್ತಿಗೆ ತೊಳೆದಿರಿ ಎಂದು ಕೇಳಿದರು. ಆಗಲೇ ತೊಳೆದೆವು ಎಂದ ನಿಶಾಂತ. ಪರೀಕ್ಷಿಸುತ್ತಿದ್ದವರು ಹಾಗನ್ನಿಸುವುದಿಲ್ಲ ಎಂದು ಮಾತ್ರ ಹೇಳಿ ಕಣ್ಣಿಗೆ ಪಟ್ಟಿ ಹಾಕಿದರು. ಕರಿಗುಡ್ಡೆಯ ಮೇಲ್ಪದರ ಬೆಂದಿತ್ತು. ತಿಂಗಳು ಕಳೆದ ಮೇಲೂ ಆ ಕಣ್ಣಿನಿಂದ ಅವಳಿಗೆ ದೀಪದ ಸುತ್ತ ಒಂದು ಮಂಜಿನ ಬಳೆ ಕಾಣುತ್ತದೆ. ಬೆರಳಿನ ಬೊಬ್ಬೆಗಳು ಬೇಗ ಮಾಗಿದವು.

ಪಟ್ಟಿ ಹಾಕಿದ ಮಾರನೆಯ ಬೆಳಿಗ್ಗೆಯೂ ಸಂಪದಾ ಎಂದಿನಂತೆ ಎದ್ದು ಮಿಂದಳು. ಗಳುವಿನ ಮೇಲೆ ಅವಳ ಸೀರೆ ಇರಲಿಲ್ಲ. ಅಡುಗೆಮನೆಯ ಬಾಗಿಲು ಒಳಗಿನಿಂದ ಮುಂದಾಗಿತ್ತು. ಒಳಗಿನಿಂದ ಗಂಡಸಿನ ಕೆಮ್ಮು ಕೇಳಿಸಿತು.

ಅಂಬುಬಾಯಿ ರಾತ್ರಿಯೇ ಮಠದಿಂದ ಅಡುಗೆಯವನೊಬ್ಬನನ್ನು ಗೊತ್ತು ಮಾಡಿದ್ದರು. ಸಂಪದಾ ಬಾಗಿಲ ಮುಂದೆ ನಿಂತಾಗ ಅವರು ಸಿಟ್ಟಿಲ್ಲದೆ, ಪಾಠ ಹೇಳುವಂತೆ ಹೇಳಿದರು. ಗುಳಿಗೆಯ ಮಾತಲ್ಲ ಇದು, ಗುಳಿಗೆ ತಿಂದರೆ ತಿನ್ನಲಿ. "ಶ್ರಾದ್ಧದ ಅಡಿಗ್ಯಾಗ ಕಣ್ಣೀರು ಬಿದ್ರ ಆ ಅನ್ನ ಪಿತೃಗಳಿಗೆ ಮುಟ್ಟೂದಿಲ್ಲ, ಪ್ರೇತಕ್ಕ ಹೋಗ್ತದ. ಶಾಸ್ತ್ರದಾಗ ಅದ. ನಿನ್ನೆ ಅಷ್ಟೊತ್ತು ಕಣ್ಣೀರು ಹಾಕ್ಕೋತ ವಡಿ ಕರದಿ. ನಿನ್ನ ಮಾವನವರು ಉಪವಾಸ ಹೋದ್ರು."

ಅದು ಅಳು ಅಲ್ಲ, ಉರಿಗೆ ಬಂದ ನೀರು ಎಂದಳು ಸಂಪದಾ. ತೊಳೆದುಕೊಳ್ಳಲು ಬಿಡಲಿಲ್ಲವಲ್ಲ ಎಂದಳು. ನಿಶಾಂತ ಪೇಪರು ಓದುತ್ತಿದ್ದ.

"ನಾ ಬ್ಯಾಡ ಅಂದೆ. ನೀ ಮುಟ್ಟಬೇಕಾಗಿತ್ತು," ಎಂದರು ಅಂಬುಬಾಯಿ. "ಉರೀತದ ಅಂದ್ರ ಯಾರರೆ ಸುಮ್ನಿರ್ತಾರೇನು? ನಲ್ಲಿ ಬಿಟ್ಟು ತೊಳ್ಕೊಂಡಿದ್ರ ಅಡಿಗಿ ಅಷ್ಟ ಕೆಡತಿತ್ತು. ಅಡಿಗಿ ಉಳಿಸ್ಲಿಕ್ಕೆ ಹೋಗಿ ಅವರನ್ನ ಕೆಡಿಸಿದಿ."

ಮನೋವೈದ್ಯೆ ಸಿಪ್ಪೆಯಿಲ್ಲದ ಬೇರೆ ಮಾತ್ರೆ ಬರೆದುಕೊಟ್ಟಿದ್ದಾರೆ. ಮೊದಲೇ ಕೇಳಿದ್ದರೆ ಅದನ್ನೇ ಕೊಡುತ್ತಿದ್ದೆ ಎಂದರು. ಶಾಂತವಾಗಿರಲು ಮನೆಯಲ್ಲಿ ಬೇರೆ ಯಾವ ಜಾಗವಿದೆ ಎಂದು ಕೇಳಿದರು. ಸಂಪದಾ ಯೋಚಿಸಿ ಬಾತ್‌ರೂಮು ಎಂದಳು. ಅಲ್ಲಿ ಎಷ್ಟು ಹೊತ್ತು ಇರಲು ಬಿಡುತ್ತಾರೆ ಎಂದು ಕೇಳಿದಾಗ, ಯಾರಾದರೂ ಬಾಗಿಲು ಬಡಿಯುವವರೆಗೆ ಎಂದಳು. ಮಂದಾಕಿನಿ ಸದ್ದು ತಡೆಯುವ ಹೆಡ್‌ಫೋನನ್ನು ಕೊರಿಯರಿನಲ್ಲಿ ಕಳಿಸಿದಳು. ಸಂಪದಾ ಅದನ್ನು ಒಂದು ವಾರ ಹಾಕಿಕೊಂಡಳು. ಕರೆದರೆ ಓಗೊಡುವುದಿಲ್ಲ ಎಂದು ಅಂಬುಬಾಯಿ ದೂರಿದ ಮೇಲೆ ನಿಶಾಂತ ಅದನ್ನು ತನ್ನ ಆಫೀಸಿಗೆ ಒಯ್ದ.

ಅಡುಗೆಯವನು ಕೆಲಸ ಬಲ್ಲವನು. ಆದರೆ ಸಾಮಾನು ಮೊದಲೇ ಅಳೆದಿಟ್ಟುಕೊಳ್ಳುವ ಅಭ್ಯಾಸ ಅವನಿಗಿಲ್ಲ. ದಿನದ ಅಡುಗೆಗೆ ಅದು ನಡೆಯುತ್ತದೆಂದು, ಬೇಕೆನಿಸಿದ್ದನ್ನು ಒಳಗಿನಿಂದಲೇ ಕೂಗಿ ಕೇಳುತ್ತಾನೆ. ಕೊಡಲು ಹೊರಗೆ ಒಬ್ಬರು ಬೇಕು. ಆ ಕೆಲಸವನ್ನು ಅಂಬುಬಾಯಿ ಸೊಸೆಗೆ ಹಚ್ಚಿದ್ದಾರೆ. ಬೆಳಗಿನ ಹೊತ್ತೆಲ್ಲ ಸಂಪದಾ ಈಗ ಹೊಸ್ತಿಲ ಈಚೆ ನಿಂತಿರುತ್ತಾಳೆ. ಒಳಗಿನಿಂದ ಹುಣಸೆಹಣ್ಣು ಎನ್ನುತ್ತಾನೆ. ತರಲು ತಿರುಗುವಷ್ಟರಲ್ಲಿ ಬೆಲ್ಲ ಎನ್ನುತ್ತಾನೆ. ನಡುಮನೆಯಿಂದ ಅತ್ತೆ ಇನ್ನೇನೋ ಕೇಳುತ್ತಾರೆ. ಅವಳು ಡಬ್ಬಿಗಳ ಮುಂದೆ ಕೈ ಚಾಚಿ ನಿಲ್ಲುತ್ತಾಳೆ. ಅವನು ಮತ್ತೆ ಕೂಗುತ್ತಾನೆ. ಅವನನ್ನು ಅವಳು ಮುಟ್ಟುವಂತಿಲ್ಲ. ಕೊನೆಗೆ ಏನು ಕೈಗೆ ಸಿಕ್ಕರೂ ಅದನ್ನು ಹೊಸ್ತಿಲ ಮೇಲೆ ಇಟ್ಟು, ಅವನು ಎತ್ತಿಕೊಳ್ಳಲೆಂದು ಹಿಂದೆ ಸರಿಯುತ್ತಾಳೆ.